ಸಿನಿಮಾ ಯೂನಿಟ್‌ಗೆ 16 ದಿನ ಊಟ ಹಾಕಿದ ಗಂಜ್ ಖಾನಾವಳಿ

ಕಲಬುರಗಿಯ ಮಾರುಕಟ್ಟೆ ನೆಹರೂ ಗಂಜ್ ಹಿಂದಿನ ಓಣಿಯಲ್ಲಿ ಒಂದು ಖಾನಾವಳಿ ಇದೆ. ಬೋರ್ಡ್ ಇಲ್ಲ. ಹಮಾಲರು, ಅಡತಿ ಅಂಗಡಿಯ ಗುಮಾಸ್ತರು, ಲಾರಿ ಡ್ರೈವರ್‌ಗಳು ಎಲ್ಲರೂ ‘ಅಕ್ಕಾರ ಕಡೆ’ ಅಂತಾರೆ, ಅದೇ ಅದರ ಗುರುತು. ಹೋದ ಚಳಿಗಾಲದಲ್ಲಿ ನನ್ನ ಸಿನಿಮಾದ ಶೂಟಿಂಗ್ 16 ದಿನ ನಡೆಯಿತು. 22 ಜನರ ಯೂನಿಟ್. ಅಷ್ಟೂ ದಿನ ಊಟ ಬಂದದ್ದು ಇಲ್ಲಿಂದ. ಈಗ ಎಡಿಟಿಂಗ್ ಮುಗಿದಿದೆ, ಅಕ್ಕನ ಬಾಕಿಯೂ ತೀರಿದೆ. ಈ ಭಾಗದಲ್ಲಿ ಕಡಿಮೆ ದುಡ್ಡಿನಲ್ಲಿ ಸಿನಿಮಾ ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಊಟದ ವಿಷಯಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಅಂತ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ 7 ವರ್ಷ ಸಹಾಯಕ ನಿರ್ದೇಶಕಿಯಾಗಿದ್ದೆ. ಕ್ಲಾಪ್ ಹಿಡಿದು ಶುರು ಮಾಡಿದವಳು, ಕೊನೆಗೆ ಶೆಡ್ಯೂಲ್ ಹಾಕುವ ತನಕ ಬಂದೆ. ಆಮೇಲೆ ಊರಿಗೆ ವಾಪಸ್. ಇಲ್ಲಿ ಮದುವೆ ವಿಡಿಯೊ ಮಾಡಿದೆ, ಕಾಲೇಜುಗಳ ಪ್ರಚಾರದ ಚಿತ್ರ ಮಾಡಿದೆ, ರೈತರಿಗೆ ಬೀಜೋಪಚಾರ ಹೇಳಿಕೊಡುವ ವಿಡಿಯೊ ಮಾಡಿದೆ. ನಡುವೆ ಮೂರು ಕಿರುಚಿತ್ರ. ಕೂಡಿಟ್ಟದ್ದೆಲ್ಲ ಈ 84 ನಿಮಿಷದ ಸಿನಿಮಾಕ್ಕೆ ಹೋಯಿತು. ನಿರ್ದೇಶಕಿ ನಾನೇ, ನಿರ್ಮಾಪಕಿಯೂ ನಾನೇ.

ಈ ಎರಡು ಕೆಲಸ ಒಬ್ಬರೇ ಮಾಡುವಾಗ ತಲೆಯೊಳಗೆ ದಿನಾ ಜಗಳ. ನಿರ್ದೇಶಕಿಗೆ ಇನ್ನೊಂದು ಟೇಕ್ ಬೇಕು. ಇನ್ನೊಂದು ಟೇಕ್ ಅಂದರೆ ಊಟ ಅರ್ಧ ಗಂಟೆ ತಡ ಅಂತ ನಿರ್ಮಾಪಕಿಗೆ ಗೊತ್ತು. ಊಟ ತಡವಾದರೆ ಲೈಟ್ ಹುಡುಗರ ಕೈ ನಿಧಾನವಾಗುತ್ತದೆ, ಸಂಜೆಯ ಶಾಟ್ ತಪ್ಪುತ್ತದೆ. ಡಿಸೆಂಬರ್‌ನಲ್ಲಿ ನಮ್ಮ ಕಡೆ ಆರು ಗಂಟೆ ಒಳಗೇ ಹೊತ್ತು ಮುಳುಗುತ್ತದೆ. ಮುಳುಗುವ ಮುಂಚಿನ ಅರ್ಧ ಗಂಟೆ ತೊಗರಿ ಹೊಲದ ಮೇಲೆ ಬೀಳುವ ಬೆಳಕು ಯಾವ ಬಾಡಿಗೆ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮಂಥವರ ಸಿನಿಮಾಕ್ಕೆ ಅದೇ ದೊಡ್ಡ ಆಸ್ತಿ, ಅಲ್ವಾ? ಅದು ತಪ್ಪಿತು ಅಂದರೆ ಮರುದಿನ ಎಲ್ಲರಿಗೂ ಮತ್ತೆ ಬಾಟಾ (ದಿನದ ಭತ್ಯೆ), ಕ್ಯಾಮೆರಾಕ್ಕೆ ಮತ್ತೆ ಬಾಡಿಗೆ.

ಬಜೆಟ್ ಬರೆಯುವಾಗ ನಾವು ಕ್ಯಾಮೆರಾ, ಲೆನ್ಸ್, ಎಡಿಟಿಂಗ್, ಥಿಯೇಟರ್‌ಗೆ ಬೇಕಾದ ಡಿಜಿಟಲ್ ಪ್ರತಿ (ಡಿಸಿಪಿ) ಎಲ್ಲದಕ್ಕೂ ವಿಚಾರಿಸಿ ಅಂಕಿ ಹಾಕುತ್ತೇವೆ. ಊಟದ ಮುಂದೆ ಮಾತ್ರ ಸುಮ್ನೆ ಒಂದು ಅಂದಾಜು. ನನ್ನ ಮೊದಲ ಕಿರುಚಿತ್ರದಲ್ಲಿ ಹಾಗೇ ಮಾಡಿದ್ದೆ. ಮೂರನೇ ದಿನ ಬಿಸ್ಕತ್ತು, ಬಾಳೆಹಣ್ಣಿನ ಮೇಲೆ ಕೆಲಸ ಮಾಡಿಸಿದೆ. ಆ ಹುಡುಗರ ಮುಖ ಇನ್ನೂ ನೆನಪಿದೆ. ಈ ಸಲ ಹಾಗಾಗಬಾರದು ಅಂತ ಗಟ್ಟಿ ಮಾಡಿಕೊಂಡಿದ್ದೆ. ಬೆಂಗಳೂರಿನಿಂದ ಅಡುಗೆಯವರನ್ನು ಕರೆತಂದರೆ ತಲೆಗೆ ದಿನಕ್ಕೆ 350 ರೂಪಾಯಿ ಅಂತ ಒಬ್ಬರು ಹೇಳಿದರು. 22 ಜನ, 16 ದಿನ ಅಂದರೆ 1,23,200. ಅವರ ಗಾಡಿ, ವಸತಿ ಬೇರೆ. ನಾನು ಊಟಕ್ಕೆ ಅಂತ ತೆಗೆದಿಟ್ಟದ್ದು 60,000.

ಅಕ್ಕನ ಖಾನಾವಳಿ ಸಿಕ್ಕಿದ್ದು ಲೊಕೇಶನ್ ಹುಡುಕುವಾಗ. ನನ್ನ ಕಥೆಯಲ್ಲಿ ಅಪ್ಪ ಗಂಜ್‌ನಲ್ಲಿ ಹಮಾಲಿ ಮಾಡುತ್ತಾನೆ. ಹಮಾಲರ ಮಾತು, ನಡಿಗೆ ನೋಡಬೇಕು ಅಂತ ಒಂದು ವಾರ ಅಲ್ಲೇ ಓಡಾಡಿದೆ. ಮಧ್ಯಾಹ್ನ ಅವರ ಜೊತೆಗೇ ಊಟಕ್ಕೆ ಹೋದೆ. ತಾಟಿನಲ್ಲಿ ಎರಡು ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹೆಸರುಕಾಳು, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ. ಆಮೇಲೆ ಅನ್ನ, ತೊಗರಿ ಬ್ಯಾಳಿ ಸಾರು. ಚೀಲ ಹೊರುವವರಿಗೆ ಊಟ ತಡವಾದರೆ ಲಾರಿ ತುಂಬುವುದೇ ತಡವಾಗುತ್ತದೆ. ಅದಕ್ಕೆ ಅಲ್ಲಿ ಒಂದು ಗಂಟೆ ಅಂದರೆ ಒಂದು ಗಂಟೆ. ನನಗೆ ಬೇಕಾಗಿದ್ದು ಅದೇ.

ವಿಷಯ ಹೇಳಿದೆ. ಅಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು: ‘ಎಷ್ಟ್ ಮಂದಿ ಅದೀರಿ ತಂಗಿ?’

‘22 ಮಂದಿ ಅಕ್ಕಾ.’

‘ಮಂದಿ ಲೆಕ್ಕ ಬ್ಯಾಡ. ರೊಟ್ಟಿ ಲೆಕ್ಕ ಹೇಳು. ಬೆಂಗಳೂರವ್ರು ಎಷ್ಟ್, ನಮ್ಮವ್ರು ಎಷ್ಟ್?’

ಬೆಂಗಳೂರಿನವರು 8, ನಮ್ಮ ಕಡೆಯವರು 14. ಅವರಿಗೆ ಒಂದೊಂದು, ಇವರಿಗೆ ಮೂರು ಮೂರು. ಐವತ್ತಾಯಿತು, ಮೇಲೆ ಹತ್ತು ಇರಲಿ ಅಂತ 60 ಹಿಡಿದರು. 7 ವರ್ಷ ದೊಡ್ಡ ಯೂನಿಟ್‌ಗಳಲ್ಲಿ ಕೆಲಸ ಮಾಡಿದ್ದೇನೆ, ಊಟದ ಲೆಕ್ಕ ಹೀಗೆ ಹಾಕಿದವರನ್ನು ನಾನು ನೋಡಿರಲಿಲ್ಲ. ನಾಲ್ಕನೇ ದಿನಕ್ಕೆ ಬೆಂಗಳೂರಿನ ಹುಡುಗರೂ ಎರಡು, ಮೂರು ತಿನ್ನತೊಡಗಿದರು. ಖಾಲಿ ಬುಟ್ಟಿ ನೋಡಿ ಅಕ್ಕ ತಾವಾಗಿಯೇ 75 ಮಾಡಿದರು. ದರ ಏರಿಸಲಿಲ್ಲ.

ದರ ಹೀಗಿತ್ತು. ಮಧ್ಯಾಹ್ನದ ಊಟ ತಲೆಗೆ 90. ಸಂಜೆ ಚಹಾ ಜೊತೆ ಚುರುಮುರಿಯೋ ಮಿರ್ಚಿಯೋ, 25. ರಾತ್ರಿ ಲಾಡ್ಜ್‌ನಲ್ಲಿ ಉಳಿಯುವ 10 ಜನಕ್ಕೆ 70ರಂತೆ. ಊರ ಸುತ್ತಮುತ್ತ ಇದ್ದ ದಿನಗಳಲ್ಲಿ ತಂದುಕೊಡುವುದಕ್ಕೆ ಬೇರೆ ದುಡ್ಡಿಲ್ಲ. ಶಹಾಬಾದ್ ಕಡೆ ಕಲ್ಲಿನ ಖಣಿಯಲ್ಲಿ ಶೂಟಿಂಗ್ ಇದ್ದ ಮೂರು ದಿನ ಮಾತ್ರ ಟಂಟಂ (ಮೂರು ಗಾಲಿಯ ಗಾಡಿ) ಖರ್ಚಿಗೆ ದಿನಕ್ಕೆ 300. ಒಟ್ಟು 52,580 ಆಯಿತು. ಬೆಳಗಿನ ನಾಷ್ಟಾ ಅಕ್ಕ ಮಾಡುವುದಿಲ್ಲ. ಬೆಳಗ್ಗೆ ಆರಕ್ಕೆ ಕಾಲ್‌ಶೀಟ್ ಇರುವ ನಮಗೆ ಇದು ತೊಂದರೆಯೇ. ಸುಸಲಾ (ಮಂಡಕ್ಕಿ ಒಗ್ಗರಣೆ) ಗಾಡಿಯವರೊಬ್ಬರಿಗೆ ತಲೆಗೆ 30ರಂತೆ ಹೇಳಿದೆವು, 10,560 ಹೋಯಿತು. ಎಲ್ಲ ಸೇರಿ 63,140. ಅಂದುಕೊಂಡದ್ದಕ್ಕಿಂತ 3,140 ಜಾಸ್ತಿ. ಬೇರೆ ಯಾವ ಲೆಕ್ಕದಲ್ಲೂ ನಾನು ಬಜೆಟ್‌ಗೆ ಇಷ್ಟು ಹತ್ತಿರ ಉಳಿಯಲಿಲ್ಲ.

ಇನ್ನು ರುಚಿ. ರೊಟ್ಟಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಎರಡು ಒಲೆ, ನಾಲ್ಕು ಜನ ಹೆಂಗಸರು, ಎಲ್ಲ ಕೈಯಲ್ಲೇ ಬಡಿದದ್ದು. ಬುಟ್ಟಿಯಲ್ಲಿ ಬಟ್ಟೆ ಹಾಸಿ ಸುತ್ತಿ ಕಳಿಸುತ್ತಾರೆ, ಎರಡು ಗಂಟೆಗೆ ಬಿಚ್ಚಿದರೂ ಮೆತ್ತಗಿರುತ್ತದೆ. ಪುಂಡಿ ಪಲ್ಯದಲ್ಲಿ ಬೇಳೆ, ಜೋಳದ ನುಚ್ಚು, ಬೆಳ್ಳುಳ್ಳಿ ಹದವಾಗಿ ಬೆಂದಿರುತ್ತದೆ, ಪುಂಡಿಯ ಹುಳಿ ಎದ್ದು ಕಾಣುವುದಿಲ್ಲ. ಬದನೆಕಾಯಿ ಎಣ್ಣೆಗಾಯಿ ಬಂದ ದಿನ ಕ್ಯಾಮೆರಾಮನ್ ಬುಟ್ಟಿ ಪಕ್ಕದಲ್ಲೇ ಜಾಗ ಹಿಡಿಯುತ್ತಿದ್ದರು. ಮಡಿಕೆಕಾಳು ಪರವಾಗಿಲ್ಲ. ಅನ್ನ ಸಾಧಾರಣ, ಕೆಲವು ದಿನ ಮುದ್ದೆಯಾಗಿತ್ತು. ಶೇಂಗಾ ಹಿಂಡಿ ಖಾರ ಜಾಸ್ತಿ. ಸೌಂಡ್ ನೋಡಿಕೊಳ್ಳುವ ಹುಡುಗ ಬೆಂಗಳೂರಿನವನು, ಮೊದಲ ದಿನ ಕಣ್ಣೀರು ಒರೆಸಿಕೊಳ್ಳುತ್ತಾ ಉಂಡ. ಅಕ್ಕನಿಗೆ ಹೇಳಿದೆ. ಮೂರನೇ ದಿನದಿಂದ ಅವನಿಗೆ ಅಂತ ಖಾರ ಕಡಿಮೆ ಹಾಕಿದ ಒಂದು ಸಣ್ಣ ಡಬ್ಬಿ ಬೇರೆ ಬರತೊಡಗಿತು. ಮುಚ್ಚಳದ ಮೇಲೆ ಗುರುತಿಗೆ ಕೆಂಪು ದಾರ ಕಟ್ಟಿರುತ್ತಿದ್ದರು. ಅವನು ಆ ದಾರಗಳನ್ನೆಲ್ಲ ಮೈಕ್ ಬ್ಯಾಗಿಗೆ ಕಟ್ಟಿಕೊಂಡು ಹೋದ.

ಊಟ ತರುವುದು ಅಕ್ಕನ ಮಗ, ಟಂಟಂನಲ್ಲಿ. ನಾವು ಸಿಂಕ್ ಸೌಂಡ್ ಮಾಡುತ್ತಿದ್ದೆವು, ಅಂದರೆ ಮಾತು, ಗಾಳಿ, ಹಕ್ಕಿ ಎಲ್ಲ ಸ್ಥಳದಲ್ಲೇ ರೆಕಾರ್ಡ್. ಹೊಲದಲ್ಲಿ ಟಂಟಂ ಶಬ್ದ ಅರ್ಧ ಕಿಲೋಮೀಟರ್ ದೂರದಿಂದಲೇ ಮೈಕ್‌ಗೆ ಬೀಳುತ್ತದೆ. ಮೊದಲ ದಿನ ಒಳ್ಳೆಯ ಟೇಕ್ ಒಂದು ಹಾಗೇ ಹೋಯಿತು. ಬಯ್ಯಲು ಮನಸ್ಸಾಗಲಿಲ್ಲ, ಅವನು ಹೇಳಿದ ಹೊತ್ತಿಗೆ ಸರಿಯಾಗಿ ಬಂದಿದ್ದ. ಅವನೇ ಒಂದು ಉಪಾಯ ಹೇಳಿದ. ಬದುವಿನ ಮೇಲೆ ಬಿದಿರಿಗೆ ಕೆಂಪು ಟವೆಲ್ ಕಟ್ಟಿರಿ, ಕಂಡರೆ ದೂರದಲ್ಲೇ ಎಂಜಿನ್ ಬಂದ್ ಮಾಡಿ ನಿಲ್ಲುತ್ತೇನೆ, ಇಳಿಸಿದರೆ ಬರುತ್ತೇನೆ. ಉಳಿದ 15 ದಿನ ಹಾಗೇ ನಡೆಯಿತು. ಒಂದು ದಿನ ಟವೆಲ್ ಇಳಿಸುವುದನ್ನು ನಾವೇ ಮರೆತೆವು. ಆ ಹುಡುಗ ಬಿಸಿಲಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ಕಾದು ನಿಂತಿದ್ದ.

ಎಳ್ಳ ಅಮಾವಾಸ್ಯೆ ನಮ್ಮ ಶೆಡ್ಯೂಲ್ ನಡುವೆ ಬಂತು. ಇದನ್ನು ನಾನು ಮೊದಲೇ ನೋಡಿಕೊಂಡು ಶೆಡ್ಯೂಲ್ ಹಾಕಬೇಕಿತ್ತು. ಅವತ್ತು ನಮ್ಮ ಕಡೆ ರೈತರೆಲ್ಲ ಮನೆಮಂದಿ ಸಮೇತ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಅಡುಗೆಯನ್ನು ನೈವೇದ್ಯವಾಗಿ ಹೊಲದ ತುಂಬ ಚೆಲ್ಲುತ್ತಾರೆ. ಆದರೆ ಅದೇ ವಾರ ಎತ್ತಿನ ಗಾಡಿಯ ಶಾಟ್ ಇತ್ತು. ಸಿನಿಮಾದಲ್ಲಿ ಪ್ರಾಣಿಗಳನ್ನು ಬಳಸಬೇಕಾದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗ್‌ಗೆ ಮುಂಚೆಯೇ ಬೇಕು, ಇಲ್ಲದಿದ್ದರೆ ಸೆನ್ಸಾರ್ ಹೊತ್ತಿಗೆ ಕಷ್ಟ. ಅನುಮತಿ ಕೈಯಲ್ಲಿತ್ತು, ಕ್ಯಾಮೆರಾ ಬಾಡಿಗೆ ಓಡುತ್ತಿತ್ತು, ಒಂದು ದಿನವೂ ಬಿಡುವ ಹಾಗಿರಲಿಲ್ಲ. ಹಿಂದಿನ ರಾತ್ರಿ ಅಕ್ಕನ ಮುಂದೆ ಹೇಳಿಕೊಂಡೆ.

‘ನಾಳಿ ಯಾರೂ ಕೆಲಸಕ್ಕ ಬರಂಗಿಲ್ಲ ತಂಗಿ. ಎತ್ತೂ ಸಿಗಂಗಿಲ್ಲ. ಸುಮ್ಮ ನಮ್ಮಣ್ಣನ ಹೊಲಕ್ಕ ಹೋಗಮು ನಡಿ, ಎಲ್ಲಾರೂ ಉಣಮು.’

ಅರ್ಧ ದಿನ ರಜೆ ಕೊಟ್ಟೆ. 22 ಜನವೂ ಆಳಂದ ರಸ್ತೆಯ ಆ ಹೊಲಕ್ಕೆ ಹೋದೆವು. ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲ ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಸಜ್ಜೆ ಕಡುಬು. ಅವತ್ತಿನ ಊಟಕ್ಕೆ ಅಕ್ಕ ದುಡ್ಡು ಬರೆದುಕೊಳ್ಳಲಿಲ್ಲ. ಅದರ ಬದಲು ಆ ದಿನದ ತಲೆಗೆ 90ರ ದುಡ್ಡನ್ನು ರೊಟ್ಟಿ ಬಡಿಯುವ ಹೆಂಗಸರಿಗೆ ಸಂಬಳ ಅಂತ ನಾನೇ ಹಟ ಮಾಡಿ ಬರೆಸಿದೆ. ಮಧ್ಯಾಹ್ನ ಮೂರಕ್ಕೆ ಕ್ಯಾಮೆರಾ ತೆಗೆದೆವು. ಸುತ್ತ ಹೊಲ ಹೊಲದಲ್ಲೂ ಜನ, ಬಣ್ಣ ಬಣ್ಣದ ಸೀರೆ, ಮಕ್ಕಳು. ಕೇಳಿಕೊಂಡು, ಒಪ್ಪಿದವರನ್ನು ಸೇರಿಸಿಕೊಂಡು ಎರಡು ದೊಡ್ಡ ಶಾಟ್ ತೆಗೆದೆವು. ಅಷ್ಟು ಜನರನ್ನು ಜೂನಿಯರ್ ಕಲಾವಿದರಾಗಿ ಕರೆತರಲು ನನ್ನ ಇಡೀ ಬಜೆಟ್ ಸಾಲುತ್ತಿರಲಿಲ್ಲ. ನನ್ನ ಸಿನಿಮಾದಲ್ಲಿ ನನಗೆ ತುಂಬಾ ಇಷ್ಟವಾದ ಚಿತ್ರಗಳು ಅವು.

ತಪ್ಪುಗಳನ್ನೂ ಹೇಳುತ್ತೇನೆ. ಎರಡನೇ ದಿನ ಊಟ 40 ನಿಮಿಷ ತಡವಾಯಿತು, ಅವತ್ತು ಸಂಜೆಯ ಶಾಟ್ ಕೈಬಿಟ್ಟಿತು. ಒಂದು ಒಲೆ ಕೆಟ್ಟಿತ್ತಂತೆ. ಫೋನ್ ಮಾಡಿ ತಿಳಿಸಿದ್ದರೆ ನಾನು ಬೇರೆ ಸೀನ್ ಮೊದಲು ಮಾಡಿಕೊಳ್ಳುತ್ತಿದ್ದೆ. ಒಂಬತ್ತನೇ ದಿನ ಮೊಸರು ಹುಳಿಯಾಗಿತ್ತು. ಸಾರನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಳಿಸುತ್ತಿದ್ದರು, ಖಣಿಯ ದಾರಿಯಲ್ಲಿ ಎರಡು ಕವರ್ ಒಡೆದವು. ಸ್ಟೀಲ್ ಕ್ಯಾನ್ ನಾನೇ ಕೊಟ್ಟ ಮೇಲೆ ಸರಿಹೋಯಿತು. ಇನ್ನೊಂದು, ಅಚ್ಚಾದ ಬಿಲ್ ಇಲ್ಲ. ನಿರ್ಮಾಪಕರಿಗೆ ಇದು ಸಣ್ಣ ವಿಷಯವಲ್ಲ, ಆಡಿಟರ್ ಪ್ರತಿ ಖರ್ಚಿಗೂ ಕಾಗದ ಕೇಳುತ್ತಾರೆ. ನಾನು ವೋಚರ್ ಪುಸ್ತಕ ಒಯ್ದು ದಿನಾ ಸಹಿ ಹಾಕಿಸಿಕೊಂಡೆ. ನೀವೂ ಹಾಗೇ ಮಾಡಿ, ಕೊನೆಗೆ ಮಾಡೋಣ ಅಂತ ಬಿಡಬೇಡಿ.

ಹನ್ನೊಂದನೇ ದಿನ ನನ್ನ ದುಡ್ಡು ಮುಗಿಯಿತು. ಕೊಡುತ್ತೇನೆ ಅಂದವರೊಬ್ಬರು ಹಿಂದೆ ಸರಿದರು. ಕ್ಯಾಮೆರಾ ಬಾಡಿಗೆಯವರಿಗೆ ಅಂದಂದೇ ಕೊಡಬೇಕು. ಉಳಿದದ್ದನ್ನೆಲ್ಲ ಅಲ್ಲಿಗೆ ಹಾಕಿದೆ. ಅಕ್ಕನಿಗೆ ಅಲ್ಲಿಯವರೆಗೆ ಕೊಟ್ಟದ್ದು 15,000 ಅಡ್ವಾನ್ಸ್ ಮಾತ್ರ. ರಾತ್ರಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಳೆಯಿಂದ ಊಟ ಅರ್ಧ ಮಾಡಿ ಅಂದೆ. ಅಕ್ಕ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಉದ್ರಿ ಪುಸ್ತಕ ತೆಗೆದರು. ಹಮಾಲರ ಹೆಸರುಗಳ ಕೆಳಗೆ ‘ಸಿನಿಮಾ ತಂಗಿ’ ಅಂತ ಬರೆದರು.

‘ಉಂಡವ್ರು ಊರ್ ಬಿಟ್ಟು ಹೋಗಂಗಿಲ್ಲ. ನೀ ಶೂಟಿಂಗ್ ಮುಗಿಸು.’

1976ರಲ್ಲಿ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರ ‘ಮಂಥನ್’ ಸಿನಿಮಾಕ್ಕೆ ನಿರ್ಮಾಪಕರಾದರು. ನಮ್ಮ ಕನ್ನಡದಲ್ಲೇ 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಅವರು ಜನರಿಂದಲೇ ಬಂಡವಾಳ ಕೂಡಿಸಿದರು. ಸಹಾಯಕ ನಿರ್ದೇಶಕಿಯಾಗಿದ್ದಾಗ ಈ ಎರಡನ್ನೂ ಗೆಳೆಯರ ಮುಂದೆ ಎಷ್ಟು ಸಲ ಹೇಳಿದ್ದೆನೋ. ಅಂಥದ್ದು ನನಗೆ ಗಂಜ್ ಹಿಂದಿನ ಓಣಿಯಲ್ಲಿ ಸಿಗುತ್ತದೆ ಅಂದುಕೊಂಡಿರಲಿಲ್ಲ. ಬಾಕಿ ಉಳಿದದ್ದು 37,580. ಮದುವೆ ಸೀಸನ್‌ನಲ್ಲಿ ಸ್ವಲ್ಪ, ಬೀಜೋಪಚಾರದ ಇನ್ನೊಂದು ವಿಡಿಯೊ ದುಡ್ಡು ಬಂದಾಗ ಸ್ವಲ್ಪ, ಹೀಗೆ ತೀರಿಸಲು ಏಳು ತಿಂಗಳು ಹಿಡಿಯಿತು. ಅಕ್ಕ ತಿಂಗಳಿಗೊಮ್ಮೆ ಕೇಳುತ್ತಿದ್ದರು, ಬಡ್ಡಿ ಕೇಳಲಿಲ್ಲ. ಖಾನಾವಳಿ ನಡೆಸುವವರಿಗೆ ಅಷ್ಟು ದುಡ್ಡು ಏಳು ತಿಂಗಳು ನಿಂತರೆ ಏನು ಕಷ್ಟ ಅಂತ ನನಗೆ ಗೊತ್ತು. ಇದನ್ನು ಓದಿ ಎಲ್ಲರೂ ಅಲ್ಲಿ ಉದ್ರಿ ಕೇಳಬೇಡಿ. ಪೂರ್ತಿ ದುಡ್ಡು ಇಟ್ಟುಕೊಂಡೇ ಹೋಗಿ. ಸಿನಿಮಾ ಶುರುವಾಗುವ ಮುಂಚಿನ ಹೆಸರುಗಳಲ್ಲಿ ಅಕ್ಕನ ಹೆಸರು ಸಹ ನಿರ್ಮಾಪಕಿ ಅಂತ ಬರುತ್ತದೆ.

ಒಂದು ಸೀನ್ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ಅಪ್ಪ, ಮಗಳು ರಾತ್ರಿ ಎದುರುಬದುರು ಕೂತು ರೊಟ್ಟಿ ತಿನ್ನುತ್ತಾರೆ, ಮಾತು ಕಡಿಮೆ. ಮೂರು ಕೋನ, 11 ಟೇಕ್. ಊಟದ ಸೀನ್ ತೆಗೆಯುವುದು ಬಹಳ ಕಷ್ಟ. ಒಂದು ಕೋನದಲ್ಲಿ ಅರ್ಧ ರೊಟ್ಟಿ ಕೈಯಲ್ಲಿದ್ದರೆ ಇನ್ನೊಂದು ಕೋನದಲ್ಲೂ ಅಷ್ಟೇ ಇರಬೇಕು. ಪ್ರತಿ ಟೇಕ್‌ಗೂ ಹೊಸ ರೊಟ್ಟಿ ಬೇಕು, ಗಾತ್ರ, ಸುಟ್ಟ ಕಲೆ ಎಲ್ಲ ಹೆಚ್ಚು ಕಡಿಮೆ ಒಂದೇ ಥರ ಇರಬೇಕು. ಖಡಕ್ ರೊಟ್ಟಿ ಇಟ್ಟರೆ ಮುರಿಯುವ ಸದ್ದು ಮಾತನ್ನು ನುಂಗುತ್ತದೆ. ಮೆತ್ತಗಿನದು ಇಟ್ಟರೆ ಹಬೆ ಬೇಗ ಆರುತ್ತದೆ. ಅಕ್ಕ ಸ್ವತಃ ಒಲೆ, ಹೆಂಚು ತಗೊಂಡು ಬಂದರು. ಪಕ್ಕದ ಕೋಣೆಯಲ್ಲಿ ಕೂತು, ‘ರೆಡಿ’ ಅಂದಾಗ ಮಾತ್ರ ಬಡಿಯುವುದು, ‘ಸೈಲೆನ್ಸ್’ ಅಂದಾಗ ನಿಲ್ಲಿಸುವುದು. ಒಂದೇ ತಾಟಿನ ಮೇಲೆ ಅಳೆದು ಅಳೆದು 26 ರೊಟ್ಟಿ ಕೊಟ್ಟರು. ಹಬೆ ಆಡುವ ರೊಟ್ಟಿ ಪ್ರತಿ ಟೇಕ್‌ನಲ್ಲೂ ಇದೆ.

ಎಡಿಟಿಂಗ್ ಮಾಡುವಾಗ ಆ ಸೀನ್‌ಗೆ ಇನ್ನೊಂದು ಕ್ಲೋಸಪ್ ಬೇಕು ಅನ್ನಿಸಿತು, ಕೈ ರೊಟ್ಟಿ ಮುರಿಯುವುದು. ಬೆಂಗಳೂರಿನಲ್ಲಿ ಗೆಳತಿಯ ಅಡುಗೆಮನೆಯಲ್ಲಿ, ಅಲ್ಲೇ ಕೊಂಡ ರೊಟ್ಟಿಯಿಂದ ತೆಗೆದು ಸೇರಿಸಿದೆ. ಎರಡೇ ಸೆಕೆಂಡು. ಎಡಿಟರ್‌ಗೆ ಗೊತ್ತಾಗಲಿಲ್ಲ, ಸಿನಿಮಾ ನೋಡಿದ ಹತ್ತು ಹನ್ನೆರಡು ಗೆಳೆಯರಿಗೂ ಗೊತ್ತಾಗಲಿಲ್ಲ. ಬಾಕಿಯ ಕೊನೆ ಕಂತು ಕೊಡಲು ಹೋದ ದಿನ, ನಾಲ್ಕು ಗಂಟೆಗೆ ಗಿರಾಕಿಗಳು ಹೋದ ಮೇಲೆ, ಖಾನಾವಳಿಯ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ಅಕ್ಕನಿಗೆ, ಮಗನಿಗೆ, ಆ ನಾಲ್ವರು ಹೆಂಗಸರಿಗೆ ತೋರಿಸಿದೆ. ಆ ಸೀನ್ ಬಂತು. ಅಕ್ಕ ಕೈ ಎತ್ತಿ ನಿಲ್ಲಿಸಿದರು.

‘ಈ ರೊಟ್ಟಿ ನಂದಲ್ಲ ತಂಗಿ. ಇದು ಲಟ್ಟಿಸಿದ್ದು. ಬಡದ ರೊಟ್ಟಿ ಅಂಚು ಹಿಂಗ ಇರಂಗಿಲ್ಲ.’

ಹಿಂದಕ್ಕೆ ಹಾಕಿ ನೋಡಿದೆ. ಅಂಚು ಕತ್ತರಿಸಿದ ಹಾಗೆ ದುಂಡಗಿತ್ತು. ನಮ್ಮ ಊರಿನವರು ಯಾರು ನೋಡಿದರೂ ಆ ಎರಡು ಸೆಕೆಂಡಿನಲ್ಲಿ ಅವರಿಗೆ ಏನೋ ತಪ್ಪಿದೆ ಅನ್ನಿಸುತ್ತಿತ್ತು. ಮುಂದಿನ ವಾರ ಕ್ಯಾಮೆರಾ ತಂದು ಅಕ್ಕನ ಅಡುಗೆಮನೆಯಲ್ಲೇ ಆ ಶಾಟ್ ಮತ್ತೆ ತೆಗೆದೆ. ಈಗ ಸೆನ್ಸಾರ್‌ಗೆ ಹೋಗುವ ಪ್ರತಿಯಲ್ಲಿ ಇರುವುದು ಅದೇ.

ಹೋಗುವವರಿಗೆ: ಊಟ 12ರಿಂದ 3ರವರೆಗೆ, ರಾತ್ರಿ 7ರಿಂದ 9.30. ಯೂನಿಟ್ ಊಟವಾದರೆ ಹತ್ತು ದಿನ ಮೊದಲೇ ಹೇಳಿ, ಹಿಂದಿನ ರಾತ್ರಿ ಒಂಬತ್ತರ ಒಳಗೆ ರೊಟ್ಟಿ ಲೆಕ್ಕ ಕೊಡಿ. ಸಾರು ಹಾಕಲು ಕ್ಯಾನ್ ನೀವೇ ಒಯ್ಯಿರಿ. ಸಂಜೆ ಚಹಾಕ್ಕೆ ಸಕ್ಕರೆ ಕಡಿಮೆ ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕು. ಜನವರಿ ಎರಡನೇ ವಾರದಿಂದ 18 ದಿನ ನಾನು ಮುಂದಿನ ಸಿನಿಮಾಕ್ಕೆ ಹೇಳಿಟ್ಟಿದ್ದೇನೆ, ಈ ಸಲ ಅರ್ಧ ದುಡ್ಡು ಮೊದಲೇ ಕೊಟ್ಟಿದ್ದೇನೆ. ಅಲ್ಲಿ ಇರುವುದು ಎರಡೇ ಒಲೆ, ದಯವಿಟ್ಟು ಆ ದಿನಗಳನ್ನು ಬಿಟ್ಟು ನೋಡಿಕೊಳ್ಳಿ.